ಮೇಲಿನ ಮನೆಯವರ ಹೆಲಿಕಾಪ್ಟರ್

ಪದ್ಮನಾಭನಗರದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ರಿಟೈರ್ಡ್ ಯಜಮಾನರು ಹೀರೇಕಾಯಿಯನ್ನೂ ಒಂದೊಂದಾಗಿ ತಿರುಗಿಸಿ ನೋಡಿ ಕೊಳ್ಳುವವರು. ಇನ್ನು ಜೀವನದ ಮೊದಲ ರಿಮೋಟ್ ಹೆಲಿಕಾಪ್ಟರ್ ಎಂದರೆ ಕೇಳಬೇಕೆ? ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನನ್ನೆದುರು ಮೊಬೈಲ್ ಹಿಡಿಯುತ್ತಿದ್ದರು. "ದೊಡ್ಡದು ಗಾಳೀಲೂ ಗಟ್ಟಿಯಾಗಿ ನಿಲ್ಲುತ್ತೆ, ಆದ್ರೆ ಬಿದ್ರೆ ಕತೆ ಮುಗೀತು. ಚಿಕ್ಕದು ಬಿದ್ರೂ ಒಡಿಯಲ್ಲ. ಯಾವ್ದು ತಗೊಳ್ಳಲಿ ಹೇಳಿ?"

ಜಯನಗರದ ಅಂಗಡಿಯವನು, ಮೊದಲು ಕಂಪ್ಯೂಟರಿನಲ್ಲಿ ಹಾರಿಸಿ ಕಲಿಯಿರಿ ಎಂದು ಸಿಮ್ಯುಲೇಟರನ್ನೂ ಕಂಪ್ಯೂಟರಿಗೆ ಜೋಡಿಸುವ ರಿಮೋಟನ್ನೂ ಕೊಟ್ಟು ಕಳಿಸಿದ. ಪರದೆಯ ಮೇಲೆ ಅವರ ಹೆಲಿಕಾಪ್ಟರ್ ಒಂದು ಕಡೆ ನಿಲ್ಲದೆ ನಡುಗಿ ನಡುಗಿ ಬೀಳುತ್ತಿತ್ತು. "ಏನೋ ಸೆಟ್ಟಿಂಗ್ ಪ್ರಾಬ್ಲಮ್ಮು," ಎನ್ನುತ್ತಿದ್ದರು. ಕೇಬಲ್ ಬದಲಿಸಿದರು. ರಿಮೋಟನ್ನೇ ಬದಲಿಸಿದರು. ಅಂಗಡಿಯವನಿಗೆ ಫೋನ್ ಮಾಡಿ ಬೈದರು. ಆಗಲೂ ಅದೇ ಮಾತು, ಸೆಟ್ಟಿಂಗ್ ಪ್ರಾಬ್ಲಮ್ಮು.

ಒಂದು ಭಾನುವಾರ ನನ್ನನ್ನು ಕರೆದರು. ನಾನು ರಿಮೋಟ್ ಪರೀಕ್ಷಿಸುವ ಪುಟ ತೆರೆದೆ. ರಿಮೋಟಿನ ಕಡ್ಡಿ ಚೂರೇ ಚೂರು ಅಲುಗಿದರೂ ಅಲ್ಲಿ ಒಂದು ಹಸಿರು ಗೆರೆ ತೋರಿಸಿಬಿಡುತ್ತದೆ. ಅವರು ಹಿಡಿದಾಗ ಗೆರೆ ನಡುಗಿತು.

"ನೋಡಿ, ನಾನ್ ಅಲ್ಲಾಡಿಸ್ತಾನೇ ಇಲ್ಲ!"

"ಕೊಡಿ ಸಾರ್," ಎಂದು ನಾನು ಹಿಡಿದೆ. ಗೆರೆ ಅಲುಗಲಿಲ್ಲ.

ಅವರು ವಾಪಸ್ ಇಸಕೊಂಡರು. ಗೆರೆ ಮತ್ತೆ ನಡುಗತೊಡಗಿತು. ಪರದೆಯನ್ನು ಬಿಟ್ಟು ತಮ್ಮ ಹೆಬ್ಬೆರಳನ್ನೇ ನೋಡುತ್ತ ಕೂತರು.

"ಏನೋ ಸೆಟ್ಟಿಂಗ್ ಇರ್ಬೇಕು ಸಾರ್," ಎಂದೆ. ಅವರು ರಿಮೋಟನ್ನು ಮೇಜಿನ ಮೇಲಿಟ್ಟರು.

ಅಡುಗೆಮನೆಯಿಂದ ಅವರ ಹೆಂಡತಿ ಕೇಳಿದರು. "ರೀ, ಕಾಫಿ ತರ್ಲಾ?"

"ನಂಗೆ ಅರ್ಧ ಲೋಟ ಸಾಕು," ಎಂದರು. ಆಮೇಲೆ, "ಇನ್ಮೇಲೆ ಅರ್ಧಾನೇ ಕೊಡು. ತುಂಬಿದ್ರೆ ಚೆಲ್ಲುತ್ತೆ."