ಕರೆಂಟ್ ಜ್ಯಾಕು ಮತ್ತು ನನ್ನ ಚೀಲದಲ್ಲಿರುವ ರಾಡು

ನಾಲ್ಕು ವರ್ಷ ನಮ್ಮ ಕ್ಯಾರವಾನಿನ ಹಿಡಿ ತಿರುಗಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಈಗ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಎರಡು ಮಂಚ, ಒಂದು ಒಲೆ, ಬೋಗುಣಿಯಷ್ಟು ಅಗಲದ ಸಿಂಕು. ನೈರೋಬಿ ಬಿಟ್ಟು ತಮ್ಮ ದೇಶಕ್ಕೆ ಹೊರಟಿದ್ದ ಯಾರೋ ಮಾರಿದ್ದನ್ನು ನನ್ನ ಮಗಳ ಗಂಡ ಕೊಂಡು ತಂದು, ಅದೇ ಊರಿನ ಲೊರೆಶೋ ಬಡಾವಣೆಯ ನಮ್ಮ ಅಂಗಳದಲ್ಲಿ ಜಕರಾಂಡ ಮರದ ಕೆಳಗೆ ನಿಲ್ಲಿಸಿದರು. ಅಳಿಯನನ್ನು ಏಕವಚನದಲ್ಲಿ ಕರೆದು ನಮ್ಮ ಕಡೆ ರೂಢಿಯಿಲ್ಲ. ಬಯ್ಯುವುದಾದರೂ ಬಹುವಚನದಲ್ಲೇ ಬಯ್ಯಬೇಕು.

ಆ ಮನೆಗಿರುವುದು ಎರಡೇ ಚಕ್ರ. ಕಾರಿನಿಂದ ಬಿಡಿಸಿದರೆ ಮೂಗು ನೆಲಕ್ಕೆ ಕುಟ್ಟುತ್ತದೆ. ಅದಕ್ಕೆಂದೇ ಮೂತಿಯ ಹತ್ತಿರ ಒಂದು ಕಬ್ಬಿಣದ ಕಾಲಿದೆ, ಅದೇ ಜ್ಯಾಕು. ಮೇಲಿನ ಹಿಡಿ ತಿರುಗಿಸಿದರೆ ಕಾಲು ಕೆಳಗಿಳಿದು ನೆಲಕ್ಕೆ ಊರಿಕೊಳ್ಳುತ್ತದೆ, ಮೂತಿ ಮೇಲೆದ್ದು, ಕಾರಿನ ಹಿಂಬದಿಯಲ್ಲಿ ತಾನು ಸಿಕ್ಕಿಕೊಂಡಿದ್ದ ಕಬ್ಬಿಣದ ಗುಂಡಿನಿಂದ ಕಳಚಿಕೊಳ್ಳುತ್ತದೆ. ಇಷ್ಟೇ ವಿದ್ಯೆ. ನಾವು ಮೊದಲ ಸಲ ಹೊರಟಾಗ ಅಳಿಯಂದಿರು ಸ್ಟೇರಿಂಗ್ ಹಿಡಿದಿದ್ದರು. ಮಗಳು ಹಿಂದೆ ನಿಂತು “ಲೆಫ್ಟು, ಲೆಫ್ಟು, ನಿಮ್ಮ ಲೆಫ್ಟಲ್ಲ, ನನ್ನ ಲೆಫ್ಟು” ಎನ್ನುತ್ತಿದ್ದಳು. ಮೊಮ್ಮಗಳು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಖಾಲಿ ಇದ್ದದ್ದು ನನ್ನ ಕೈ ಮಾತ್ರ. ಮೂವತ್ತು ವರ್ಷ ಹೊಲಿಗೆ ಯಂತ್ರದ ಚಕ್ರ ತಿರುಗಿಸಿ ಚಾಮರಾಜಪೇಟೆಯ ಅರ್ಧ ಹೆಂಗಸರಿಗೆ ರವಿಕೆ ಹೊಲಿದ ಕೈ ಅದು. ಹೋಗಿ ಹಿಡಿದೆ, ತಿರುಗಿಸಿದೆ.

ಸುಮ್ಮನೆ ತಿರುಗಿಸಲಿಲ್ಲ. ಒಂದು ಸುತ್ತಿಗೆ ಒಂದು ನಾಮ. ಕೇಶವ, ನಾರಾಯಣ, ಮಾಧವ, ಗೋವಿಂದ ಎಂದು ಇಪ್ಪತ್ನಾಲ್ಕು ಹೆಸರು ಎರಡು ಸಲ ಮುಗಿಯುವಷ್ಟರಲ್ಲಿ ಮೂತಿ ಕಳಚಿಕೊಳ್ಳುತ್ತಿತ್ತು. ಪುಣ್ಯವೂ ಬಂತು, ಕೆಲಸವೂ ಆಯಿತು. ಲೊರೆಶೋದ ಮನೆಯಲ್ಲಿ ನನಗೆ ಬೇರೆ ಕೆಲಸವೇ ಇರಲಿಲ್ಲ. ಬಟ್ಟೆಗೆ ಯಂತ್ರ, ರುಬ್ಬುವುದಕ್ಕೆ ಯಂತ್ರ. ಇನ್ನು ಚಪಾತಿಯನ್ನಂತೂ ನಮ್ಮ ಕೆಲಸದಾಕೆ ನನಗಿಂತ ಗುಂಡಗೆ ಲಟ್ಟಿಸುತ್ತಾಳೆ. ಹೊರಡುವಾಗ ಮತ್ತು ತಲುಪಿದಾಗ ಮಾತ್ರ “ಅಮ್ಮ ಎಲ್ಲಿ?” ಎಂದು ನನ್ನನ್ನು ಹುಡುಕುತ್ತಿದ್ದರು. ಆ ಪ್ರಶ್ನೆ ನನಗೆ ಇಷ್ಟವಾಗಿತ್ತು.

ಹೀಗಿರುವಾಗ ದಸರೆಗೆ ಎರಡು ವಾರ ಮೊದಲು ಒಂದು ಪೆಟ್ಟಿಗೆ ಬಂತು. ಒಳಗೆ ಕಪ್ಪು ಟೋಪಿ ಹಾಕಿಕೊಂಡ ಕಬ್ಬಿಣದ ಕೊಳವೆ. ಟೋಪಿಯಲ್ಲಿ ಮೋಟ್ರು, ಒಂದು ಗುಂಡಿ, ಒಂದು ಪುಟ್ಟ ದೀಪ.

“ಅತ್ತೆ, ಇದು ನಿಮ್ಮ ಭುಜಕ್ಕೋಸ್ಕರ,” ಎಂದರು ಅಳಿಯಂದಿರು.

“ನನ್ನ ಭುಜ ಏನಂತು?”

“ಹೋದ ತಿಂಗಳು ನೋವು ಅಂತಿದ್ರಲ್ಲ.”

“ಅದು ನಿಮ್ಮ ಮಗಳ ಸ್ಕೂಲ್ ಬ್ಯಾಗ್ ಎತ್ತಿದ್ದಕ್ಕೆ ಬಂದಿದ್ದು. ಮೋಟ್ರು ಅದಕ್ಕೆ ಹಾಕಿಸಬೇಕಿತ್ತು.”

“ಅಜ್ಜಿ, ಇಟ್ಸ್ ಸೋ ಕೂಲ್,” ಎಂದಳು ಮೊಮ್ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. “ಜಸ್ಟ್ ಪುಶ್ ದ ಬಟನ್.”

ಗಂಡಸಿಗೆ ಆಟದ ಸಾಮಾನು ಬೇಕಾದಾಗ ಮನೆಯ ಮುದುಕಿಗೆ ಭುಜ ನೋಯುತ್ತದೆ. ಇದು ನಾನು ಎಪ್ಪತ್ತು ದಾಟಿದ ಮೇಲೆ ಕಲಿತ ವೈದ್ಯಶಾಸ್ತ್ರ.

ಶನಿವಾರ ಬೆಳಿಗ್ಗೆ ಅಳಿಯಂದಿರು ಮೂರು ಗಂಟೆ ಹೊತ್ತು ಅದನ್ನು ಕೂರಿಸುವ ವಿಡಿಯೋ ನೋಡಿದರು. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಟೆಲಿಕಾಂ ಕಂಪನಿಯ ದೊಡ್ಡ ಇಂಜಿನಿಯರು. ನೋಡದೆ ಕೈ ಹಾಕುವವರಲ್ಲ. ಆಮೇಲೆ ಒಬ್ಬ ಫುಂಡಿಯನ್ನು ಕರೆಸಿದರು. ರಿಪೇರಿಯವರಿಗೆ ಇಲ್ಲಿ ಫುಂಡಿ ಎನ್ನುತ್ತಾರೆ. ಆತ ಯಾವ ವಿಡಿಯೋವನ್ನೂ ನೋಡಲಿಲ್ಲ. ಮೂತಿಯ ಕೆಳಗೆ ಎರಡು ಮರದ ತುಂಡು ಕೊಟ್ಟ, ಮೂರು ಬೋಲ್ಟು ಬಿಚ್ಚಿದ, ಹಳೆಯದನ್ನು ಎಳೆದು ಹೊಸದನ್ನು ಇಳಿಸಿದ, ಕ್ಯಾರವಾನಿನ ಬ್ಯಾಟರಿಗೆ ಒಂದು ವೈರು ಎಳೆದ. ಅರ್ಧ ಗಂಟೆ. ಹಳೆಯ ಜ್ಯಾಕು ತನಗೆ ಕೊಡುತ್ತೀರಾ ಎಂದು ಕೇಳಿದ, ಕೊಟ್ಟರು. ನನ್ನ ಹಿಡಿಯನ್ನು ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದುಕೊಂಡು ಗೇಟು ದಾಟಿ ಹೋದ. ನನ್ನನ್ನು ಒಂದು ಮಾತು ಕೇಳಿದವರಿಲ್ಲ.

ಅಳಿಯಂದಿರು ಗುಂಡಿ ಒತ್ತಿದರು. ಮಿಕ್ಸಿಯಲ್ಲಿ ಒಣಕೊಬ್ಬರಿ ಹಾಕಿದಂಥ ಸದ್ದು. ನಾನು ಮನಸ್ಸಿನಲ್ಲೇ ನಾಮ ಎಣಿಸಿದೆ. ನಾನು ಎರಡು ಸುತ್ತಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಆ ಟೋಪಿಯವನು ಮೂರು ಸುತ್ತು ತೆಗೆದುಕೊಂಡ.

“ನೋಡಿದ್ರಾ ಅತ್ತೆ, ಎಷ್ಟು ಫಾಸ್ಟು.”

“ನೋಡಿದೆ. ಅಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು.”

ಪೆಟ್ಟಿಗೆಯ ತಳದಲ್ಲಿ ಮೊಣಕೈಯಂತೆ ಬಾಗಿದ ಒಂದು ರಾಡೂ ಇತ್ತು. ಕರೆಂಟು ಕೈಕೊಟ್ಟರೆ ಟೋಪಿಯ ಮೇಲಿನ ರಬ್ಬರ್ ಬಿರಡೆ ತೆಗೆದು, ಅದನ್ನು ತೂರಿಸಿ, ಕೈಯಲ್ಲೇ ತಿರುಗಿಸಬೇಕಂತೆ. ಮಾಡಿದವರಿಗೇ ತಮ್ಮ ಯಂತ್ರದ ಮೇಲೆ ನಂಬಿಕೆಯಿಲ್ಲ ಎಂದು ಆಗಲೇ ತಿಳಿಯಿತು.

ಆ ದಿನ ಊಟ ಮಾಡುವಾಗ ಮಗಳು ಮೊಸರು ಬಡಿಸುತ್ತಾ ನಿಧಾನವಾಗಿ ಶುರುಮಾಡಿದಳು.

“ಅಮ್ಮ, ಡಿಸೆಂಬರ್‌ನಲ್ಲಿ ಮೊಂಬಾಸಾ ಹೋಗ್ತಿದೀವಲ್ಲ, ತುಂಬಾ ಲಾಂಗ್ ಡ್ರೈವು. ಈಗ ಜ್ಯಾಕ್‌ಗೂ ನೀನು ಬೇಕಾಗಿಲ್ಲ. ಒಂದು ವಾರ ಆರಾಮಾಗಿ ನ್ಗಾರಾ ಆಂಟಿ ಮನೇಲಿ ಇರು. ಅವರಿಗೂ ಕಂಪನಿ ಆಗತ್ತೆ.”

ನ್ಗಾರಾದ ಆಂಟಿ ಭಜನೆಯಲ್ಲಿ ಪರಿಚಯವಾದ ಹೆಂಗಸು. ಒಳ್ಳೆಯವರೇ. ದಿನವಿಡೀ ಟಿವಿ ಹಾಕಿಕೊಂಡು ಅದರೊಂದಿಗೇ ಜಗಳವಾಡುತ್ತಾರೆ. ಆದರೆ ನನಗೆ ಬೇಕಾಗಿದ್ದದ್ದು ಸಮುದ್ರ. ಈ ದೇಶಕ್ಕೆ ಬಂದು ಆರು ವರ್ಷವಾದರೂ ನೋಡಿರಲಿಲ್ಲ. ಈ ಡಿಸೆಂಬರಿಗೆ ಎಂದು ಮೊಮ್ಮಗಳ ಜೊತೆ ದಿನ ಎಣಿಸುತ್ತಿದ್ದೆ.

“ದಸರೆಗೆ ನೈವಾಷಾಗೆ ಹೋಗ್ತೀರಲ್ಲ, ಅದಕ್ಕಾದರೂ ಬರಬಹುದೋ?” ಎಂದೆ.

“ಅಯ್ಯೋ ಅಮ್ಮ, ಅದು ಹತ್ರ. ಬಾ.”

ಹತ್ತಿರವಾದರೆ ಬಾ, ದೂರವಾದರೆ ಬೇಡ. ಮೊಸರನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಇಳಿಯಿತು. ಆದರೆ ನೈವಾಷಾದಲ್ಲಿ ನಾನು ಯಾವ ತೊಂದರೆಯನ್ನೂ ಕೊಡದೆ ಬೆಣ್ಣೆಯ ಹಾಗೆ ಇರಬೇಕು, ಆಗ ಮಗಳ ಮನಸ್ಸು ತಿರುಗಬಹುದು ಎಂದು ಲೆಕ್ಕ ಹಾಕಿದೆ.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅವತ್ತು ಕೆಲಸದ ಸಾಮಾನೆಲ್ಲ ದೇವರ ಮುಂದೆ ಕೂರುತ್ತದೆ. ಅಡಿಗೆಮನೆಯ ಚಾಕು, ನನ್ನ ಕತ್ತರಿ, ಅಳಿಯಂದಿರ ಲ್ಯಾಪ್‌ಟಾಪು, ಸ್ಪ್ಯಾನರುಗಳು, ಮೊಮ್ಮಗಳ ಜಾಮೆಟ್ರಿ ಬಾಕ್ಸು. ಕ್ಯಾರವಾನಿನಿಂದ ಏನು ಇಡಲಿ ಎಂದು ನೋಡಿದೆ. ಆ ಟೋಪಿಯವನಿಗಂತೂ ನಾನು ಅರಿಸಿನ ಕುಂಕುಮ ಹಚ್ಚುವವಳಲ್ಲ. ಬಾಗಿದ ರಾಡೊಂದೇ ನನ್ನ ಕಣ್ಣಿಗೆ ಆಯುಧದ ಹಾಗೆ ಕಂಡಿತು. ತಂದು ತೊಳೆದು, ಒರೆಸಿ, ಕುಂಕುಮವಿಟ್ಟು, ಕತ್ತರಿಯ ಪಕ್ಕದಲ್ಲಿ ಇಟ್ಟು ಚೆಂಡುಹೂ ಏರಿಸಿದೆ.

ಸಂಜೆ ಅಳಿಯಂದಿರ ಆಫೀಸಿನ ಬೆಂಗಳೂರಿನವರು ಕೋಸಂಬರಿ ಪಾನಕಕ್ಕೆ ಬಂದರು. ಎಲ್ಲರೂ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ, ಇವರು ಜ್ಯಾಕಿನ ಪಾದದ ಕೆಳಗೆ ಇಟ್ಟರು. ಗುಂಡಿ ಒತ್ತಿದರು. ಕಾಲು ಗೊರ್ ಎನ್ನುತ್ತಾ ಇಳಿದು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರೂ ಗುಂಡಿ ಒತ್ತಿ ನೋಡಬೇಕೆಂದರು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಕೈತುಂಬ ಸಂಬಳ ತರುವ ಏಳೆಂಟು ಗಂಡಸರು ಸಾಲಾಗಿ ನಿಂತು ಒಂದು ಗುಂಡಿಗಾಗಿ ಕಾದದ್ದನ್ನು ನಾನು ಪಾನಕದ ತಟ್ಟೆ ಹಿಡಿದುಕೊಂಡು ನೋಡಿದೆ. ನಾಲ್ಕು ವರ್ಷ ನಾನು ತಿರುಗಿಸುವಾಗ ಒಬ್ಬರಾದರೂ ಬಂದು ನೋಡಿದ್ದಿಲ್ಲ.

ಅವರೆಲ್ಲ ಹೋದ ಮೇಲೆ ಟೋಪಿಯ ದೀಪ ಉರಿಯುತ್ತಲೇ ಇತ್ತು. ಮೊಮ್ಮಗಳು ಆರಿಸಲು ಓಡಿದಳು.

“ಮುಟ್ಟಬೇಡ ಕಣೇ,” ಎಂದೆ. “ಪೂಜೆ ಮಾಡಿದ್ದನ್ನ ಇವತ್ತು ಮುಟ್ಟಬಾರದು. ನಾಳೆ ಕದಲಿಸಿದ ಮೇಲೆ.”

“ಓಕೆ ಅಜ್ಜಿ.”

ವಿಜಯದಶಮಿಯ ಬೆಳಿಗ್ಗೆ ಮುಹೂರ್ತ ನೋಡದೆ ಹೊರಡಬಹುದು. ದೇವರ ಮುಂದಿನ ಸಾಮಾನನ್ನು ಒಂಚೂರು ಕದಲಿಸಿ, “ನಿಮ್ಮ ನಿಮ್ಮ ಆಯುಧ ತಗೊಳ್ಳಿ” ಎಂದೆ. ಅಳಿಯಂದಿರು ಲ್ಯಾಪ್‌ಟಾಪ್ ಮತ್ತು ಸ್ಪ್ಯಾನರ್ ತೆಗೆದುಕೊಂಡರು, ಮಗಳು ಚಾಕು, ಮೊಮ್ಮಗಳು ಬಾಕ್ಸು, ನಾನು ಕತ್ತರಿ. ಜ್ಯಾಕು ಮೂತಿಯನ್ನು ಕಾರಿನ ಗುಂಡಿನ ಮೇಲೆ ನರಳುತ್ತಾ ಇಳಿಸಿತು. ಇಳಿಸುವುದಕ್ಕೇನು, ಭಾರ ತಾನಾಗಿಯೇ ಇಳಿಯುತ್ತದೆ.

ನೈವಾಷಾ ಸರೋವರದ ದಡದ ಕ್ಯಾಂಪಿಗೆ ಮಧ್ಯಾಹ್ನ ತಲುಪಿದೆವು. ಮರುದಿನ ಕಾರಿನಲ್ಲಿ ಸುತ್ತಾಡಬೇಕಾದರೆ ಕ್ಯಾರವಾನನ್ನು ಬಿಡಿಸಲೇಬೇಕು. ಅಳಿಯಂದಿರು ಜೇಬಿನಲ್ಲಿ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯ ಒಂದೇ ಬೆರಳಿನಲ್ಲಿ ಗುಂಡಿ ಒತ್ತಿದರು. ಜ್ಯಾಕು ಒಂದು ಸಲ ಕೆಮ್ಮಿತು. ಮತ್ತೆ ಒತ್ತಿದರು. ಕೆಮ್ಮೂ ಇಲ್ಲ.

“ಬ್ಯಾಟರಿ ಡೆಡ್ಡು,” ಎಂದರು. “ಹೆಂಗೆ? ಓ, ಆ ಲೈಟು. ಯಾರೂ ಆಫ್ ಮಾಡಲಿಲ್ವಾ?”

ಮೊಮ್ಮಗಳು ನನ್ನನ್ನು ನೋಡಿದಳು. ನಾನು ಸರೋವರದ ಕಡೆ ನೋಡಿದೆ. ಮಗು ಬಾಯಿ ಬಿಡಲಿಲ್ಲ. ಬಂಗಾರದಂಥ ಹುಡುಗಿ.

“ಪರವಾಗಿಲ್ಲ, ಮ್ಯಾನ್ಯುಯಲ್ ರಾಡ್ ಇದೆಯಲ್ಲ. ಎಲ್ಲಿ ಅದು?” ಎಂದಳು ಮಗಳು.

ಆಗ ನನಗೆ ನೆನಪಾಯಿತು. ರಾಡು ಲೊರೆಶೋದಲ್ಲಿ, ದೇವರ ಮುಂದೆ, ಚೆಂಡುಹೂವಿನ ಕೆಳಗೆ ಮಲಗಿತ್ತು. ಎಲ್ಲರೂ ತಮ್ಮ ತಮ್ಮ ಆಯುಧ ತೆಗೆದುಕೊಂಡಿದ್ದರು. ಅದಕ್ಕೆ ಒಡೆಯರೇ ಇರಲಿಲ್ಲ. ಬೇಕೆಂದು ಬಿಟ್ಟು ಬಂದದ್ದಲ್ಲ. ನಾನು ಕುಚೇಷ್ಟೆಯವಳು ನಿಜ, ಆದರೆ ಅಷ್ಟು ದೊಡ್ಡ ಯೋಜನೆ ಹಾಕುವಷ್ಟು ಬುದ್ಧಿ ನನಗಿಲ್ಲ.

ಅವರು ಹುಡುಕಿದರು. ಮಂಚದ ಕೆಳಗೆ, ಸಿಂಕಿನ ಕೆಳಗೆ, ಅಕ್ಕಿ ಡಬ್ಬದೊಳಗೂ. ನಾನು ಮಡಿಸುವ ಕುರ್ಚಿಯ ಮೇಲೆ ಕೂತಿದ್ದೆ. ಹೇಳಿದರೆ ಡಿಸೆಂಬರ್ ಹೋಯಿತು. ಹೇಳದಿದ್ದರೆ ಮನೆಗೆ ಹೋದ ಮೇಲೆ ಆ ಹೂವೇ ಹೇಳುತ್ತದೆ. ಮಗಳು ಬೆವರು ಒರೆಸಿಕೊಳ್ಳುತ್ತಾ ಮಾವನ ಮನೆಯಿಂದ ಬಂದ ಉಪ್ಪಿನಕಾಯಿ ಜಾಡಿಯನ್ನೂ ಎತ್ತಿ ನೋಡಿದಾಗ ನನಗೆ ತಡೆಯಲಾಗಲಿಲ್ಲ.

“ಅದು ಪೂಜೆಗೆ ಕೂತಿದೆ,” ಎಂದೆ.

“ಏನು?”

“ರಾಡು. ದೇವರ ಮುಂದೆ. ನಾನೇ ಇಟ್ಟಿದ್ದು. ಲೈಟ್ ಆರಿಸಬೇಡ ಅಂದಿದ್ದೂ ನಾನೇ.”

ಅಳಿಯಂದಿರು ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಅತ್ತೆ,” ಎಂದರು. ಬಹುವಚನದಲ್ಲಿ ಬಯ್ಯುವುದು ಅವರಿಗೆ ರೂಢಿಯಿಲ್ಲ.

“ಅಮ್ಮ, ಇದಕ್ಕೇ ನಾನು ಹೇಳಿದ್ದು,” ಎಂದು ಮಗಳು ಶುರುಮಾಡಿದಳು. “ಮೊಂಬಾಸಾಗೆ ನೀನು...”

ಅಷ್ಟರಲ್ಲಿ ಕ್ಯಾಂಪಿನ ಕಾವಲುಗಾರ, ಇಲ್ಲಿನವರ ಮಾತಿನಲ್ಲಿ ಅಸ್ಕರಿ, ನಮ್ಮ ಗಲಾಟೆ ಕೇಳಿ ಬಂದ. ನನ್ನಷ್ಟೇ ವಯಸ್ಸಿರಬೇಕು. ಸತ್ತ ಜ್ಯಾಕನ್ನು ನೋಡಿದ, ಅಳಿಯಂದಿರನ್ನು ನೋಡಿದ, ಕಾರಿನ ಡಿಕ್ಕಿಯನ್ನು ನೋಡಿದ. ಪಂಕ್ಚರ್ ಆದರೆ ಕಾರು ಎತ್ತಲು ನಿಮ್ಮಲ್ಲಿ ಜ್ಯಾಕ್ ಇಲ್ಲವೇ ಎಂದು ಕೇಳಿದ.

ನಾಲ್ಕು ದೇಶಗಳಿಗೆ ಫೋನಿನ ಸಿಗ್ನಲ್ ಕೊಡುವ ಅಳಿಯಂದಿರು ಹೋಗಿ ಡಿಕ್ಕಿ ತೆಗೆದರು. ಸ್ಟೆಪ್ನಿಯ ಪಕ್ಕದಲ್ಲಿ, ಪ್ಲಾಸ್ಟಿಕ್ ಕೂಡ ಬಿಚ್ಚದೆ, ಒಂದು ಜ್ಯಾಕ್ ಮಲಗಿತ್ತು. ಕೈಯಲ್ಲಿ ತಿರುಗಿಸುವಂಥದ್ದು.

“ಇಲ್ಲಿ ಕೊಡಿ ಅಳಿಯಂದ್ರೇ,” ಎಂದು ನಾನು ಎದ್ದೆ.

“ಬೇಡ ಅತ್ತೆ, ನಿಮ್ಮ ಭುಜ.”

“ಪೋಲೆ ಪೋಲೆ, ಶೋಶೋ,” ಎಂದ ಕಾವಲುಗಾರ, ನಿಧಾನ ಅಜ್ಜಿ ಎಂದು. ಅವನೇ ಮೂತಿಯ ಕೆಳಗೆ ಜ್ಯಾಕ್ ಕೊಟ್ಟು ಕೂತು ತಿರುಗಿಸಿದ. ನಾನು ನಿಂತು ನಾಮ ಎಣಿಸಿದೆ. ಮೂತಿ ಕಳಚಿತು. ಆಮೇಲೆ ಮರದ ತುಂಡುಗಳ ಮೇಲೆ ಅದನ್ನು ಕೂರಿಸಿದರು. ಸಿಕ್ಕ ತುಂಡುಗಳು ಗಿಡ್ಡ. ಇಡೀ ಮನೆ ಮುಂದಕ್ಕೆ ಬಾಗಿ ನಮಸ್ಕಾರ ಮಾಡುವ ಹಾಗೆ ನಿಂತಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ದೋಸೆ ಹುಯ್ಯಲು ಬರುತ್ತದೆ. ನೆಲ ನಿಜವಾಗಿಯೇ ಡೊಂಕಾಗಿತ್ತು. ಎರಡು ದಿನ ಹಿಟ್ಟೆಲ್ಲ ಕಾವಲಿಯ ಒಂದೇ ಬದಿಗೆ ಹರಿದು, ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ಇಡ್ಲಿ ಎನ್ನುವಂಥ ದೋಸೆಗಳಾದವು. ಅಳಿಯಂದಿರು ತಲೆ ತಗ್ಗಿಸಿ ತಿಂದರು. ಒಂದನ್ನು ಕಾವಲುಗಾರನಿಗೂ ಕೊಟ್ಟೆ. ಅವನು ಸವಾ ಸವಾ, ಚೆನ್ನಾಗಿದೆ ಎಂದು ಇನ್ನೊಂದು ಕೇಳಿದ. ತಪ್ಪು ನನ್ನದು, ಒಪ್ಪಿದ್ದೇನೆ. ಆದರೆ ಹಳೆಯ ಜ್ಯಾಕಿಗೆ ದೀಪ ಇರಲಿಲ್ಲ, ಅದರ ಹಿಡಿ ಕಳಚಿ ಪೂಜೆಗೆ ಬರುವಂಥದ್ದೂ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ರಾಡನ್ನು ಬಾಡಿದ ಹೂವಿನಿಂದ ಎತ್ತಿದೆ. ಕುಂಕುಮ ಒರೆಸಿ ನನ್ನ ಕೈಚೀಲದಲ್ಲಿ, ಬಿಪಿ ಮಾತ್ರೆ ಮತ್ತು ಲವಂಗದ ಡಬ್ಬಿಯ ಮಧ್ಯೆ ಇಟ್ಟುಕೊಂಡೆ. ಒಂದು ವಾರ ಯಾರೂ ಕೇಳಲಿಲ್ಲ. ಆಮೇಲೆ ಅಳಿಯಂದಿರಿಗೆ ನೆನಪಾಯಿತು.

“ಅತ್ತೆ, ರಾಡ್ ಎಲ್ಲಿ?”

“ಭದ್ರವಾಗಿದೆ. ನನ್ನ ಚೀಲದಲ್ಲಿ.”

“ಟೂಲ್‌ಬಾಕ್ಸ್‌ಗೆ ಹಾಕಿಬಿಡೋಣ, ಕೊಡಿ.”

“ಟೂಲ್‌ಬಾಕ್ಸ್ ಮನೇಲಿ ಮರೆತು ಹೋದ್ರೆ? ನಾನು ನನ್ನ ಚೀಲ ಮರೆತಿದ್ದನ್ನ ನೋಡಿದೀರಾ?”

ನೋಡಿರಲಿಲ್ಲ. ನಾನು ಭಜನೆಗೆ ಹೋದರೂ, ಡಾಕ್ಟರ ಹತ್ತಿರ ಹೋದರೂ ಚೀಲ ಕಂಕುಳಲ್ಲೇ. ಮಗಳು ಅಡಿಗೆಮನೆಯಿಂದ ಬಗ್ಗಿ ನೋಡಿದಳು. ಅವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ತಕ್ಷಣ ಅರ್ಥವಾಯಿತು.

“ಅಮ್ಮ, ಇದು ಬ್ಲ್ಯಾಕ್‌ಮೇಲು.”

“ಅದೆಲ್ಲ ನನಗೆ ಗೊತ್ತಿಲ್ಲಮ್ಮ. ನ್ಗಾರಾಗೆ ಹೋಗು ಅಂದ್ರೆ ಹೋಗ್ತೀನಿ. ಚೀಲ ಬಿಟ್ಟು ಹೋಗಕ್ಕಾಗಲ್ಲ, ಮಾತ್ರೆ ಇದೆ.”

ಅಳಿಯಂದಿರು ನಗಲು ಶುರುಮಾಡಿದರು. ಅವರು ನಕ್ಕಮೇಲೆ ಮಗಳೂ ನಗಲೇಬೇಕಾಯಿತು.

ಇದನ್ನು ವೋಯಿ ಎಂಬ ಊರಿನ ಹತ್ತಿರ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಮೊಮ್ಮಗಳು ಕಲಿಸಿಕೊಟ್ಟ ಹಾಗೆ ಒಂದೇ ಬೆರಳಿನಲ್ಲಿ ಫೋನಿನ ಮೇಲೆ ಕುಟ್ಟುತ್ತಿದ್ದೇನೆ. ಮೊಂಬಾಸಾಗೆ ಇನ್ನು ಅರ್ಧ ದಾರಿಯೂ ಇಲ್ಲ. ಇವತ್ತು ಇಲ್ಲೇ ತಂಗುತ್ತೇವೆ, ನಾಳೆ ಮಧ್ಯಾಹ್ನದೊಳಗೆ ಸಮುದ್ರ. ಹೊರಗೆ ಅಳಿಯಂದಿರು ಗುಂಡಿ ಒತ್ತಿದ್ದಾರೆ, ಜ್ಯಾಕು ಗೊರಗೊರ ಎನ್ನುತ್ತಿದೆ. ಹೊಸ ಬ್ಯಾಟರಿ ಹಾಕಿಸಿದ್ದಾರೆ, ಆದರೂ ನಿಧಾನವೇ. ನಾಮಗಳ ಎರಡು ಸುತ್ತು ಮುಗಿದು ಈಗ ಮೂರನೆಯದರ ಪದ್ಮನಾಭನಲ್ಲಿದ್ದೇನೆ. ಮಗಳು ಕಿಟಕಿ ತಟ್ಟಿ, “ಅಮ್ಮ, ಚೀಲ ಇದೆ ತಾನೆ?” ಎಂದಳು.

ಇದೆ ಎಂದೆ. ತೊಡೆಯ ಮೇಲೆ ಭಾರವಾಗಿಯೇ ಇದೆ.