ಗಿರಣಿ ಭೀಮಶಿ ನೋಡಿದ ಸಿನಿಮಾ

ಮೂಡಲಗಿಯ ಹಿಟ್ಟಿನ ಗಿರಣಿಯ ಭೀಮಶಿಗೆ ಅರ್ಥವಾಗದ ಸಿನಿಮಾ ಇನ್ನೂ ತಯಾರಾಗಿಲ್ಲ. ಹೀರೋ ಒಂದೇ ದಿನದೊಳಗೆ ಸಿಕ್ಕಿಬಿದ್ದು, ಬೆಳಗಾದರೆ ಮತ್ತೆ ಅದೇ ದಿನಕ್ಕೆ ಏಳುವ ಆ ಹೊಸ ಸಿನಿಮಾವನ್ನು ಗೋಕಾಕಕ್ಕೆ ಹೋಗಿ ನೋಡಿದ ಕಾಲೇಜು ಮಾಸ್ತರರೇ ತಲೆ ಹಿಡಿದುಕೊಂಡು ಬಂದರೆ, ಐವತ್ತೆರಡರ ಭೀಮಶಿ ಮೀಸೆಗೆ ಹತ್ತಿದ ಹಿಟ್ಟನ್ನೂ ಒರೆಸದೆ, ಗಿರಣಿಯ ಸದ್ದನ್ನು ಮೀರಿ ಅದನ್ನು ಬಿಡಿಸಿ ಹೇಳುತ್ತಾನೆ. “ನಿಮ್ಮ ಜ್ವಾಳಾ ಬೀಸೂಮುಂದ ಹಿಂದಿನವರ ಗೋದಿ ಹಿಟ್ಟು ಒಂದ ಹಿಡಿ ಬರ್ತೈತಿಲ್ಲರಿ? ನಿನ್ನಿನೂ ಹಂಗ, ಇವತ್ತಿನ್ಯಾಗ ಬೀಳತೈತಿ. ಇದರಾಗ ತಲಿ ಕೆಡಸ್ಕೊಳ್ಳೂವಂಥಾದ್ದು ಏನೈತಿ?” ಬೀಸಿಸಲು ಬಂದವರು ಕೇಳಲಿ ಬಿಡಲಿ, ಕ್ಲೈಮ್ಯಾಕ್ಸ್ ಮುಗಿಯುವ ತನಕ ಅವರ ಡಬ್ಬಿಯ ಮುಚ್ಚಳ ಅವನ ಕೈಯಲ್ಲೇ ಇರುತ್ತದೆ. ಕಥೆ ಬರೆದವರ ಮೇಲೆ ಅವನಿಗಿರುವ ಸಿಟ್ಟು ಒಂದೇ. “ಇದು ಆಗಿಹೋದ ದಿನಾ ಅಂತ ಹೀರೋ ಎಲ್ಲಾರಿಗೂ ತಿಳಿಸಾಕ ಹೋಗ್ತಾನ. ಅಲ್ಲೇ ತಪ್ಪಿದ ನೋಡ್ರಿ. ತಿಳಿಸಬಾರದು, ಸುಮ್ನ ಹೂಂ ಅನಬೇಕು.” ಇದನ್ನು ಅವನು ಸಿನಿಮಾ ನೋಡಿ ಕಲಿತದ್ದಲ್ಲ. ಮಧ್ಯಾಹ್ನ ಗಿರಣಿಯ ಸದ್ದು ನಿಂತೊಡನೆ, ಹಿಂದಿನ ಮನೆಯ ಬಾಗಿಲಿಗೆ ತಾಯಿ ದುಂಡವ್ವ ಬಂದು ನಿಂತು, ನಿನ್ನೆ ಮೊನ್ನೆ ಕೇಳಿದ್ದನ್ನೇ ಕೇಳುತ್ತಾಳೆ: “ಭೀಮಶಿ, ಸಾಲಿ ಬಿಡ್ತೇನೋ?” ಅವನು ಶಾಲೆ ಬಿಟ್ಟು ನಲವತ್ತು ವರ್ಷವಾಯಿತು. ಆಗ ಮಾತ್ರ ಭೀಮಶಿ ಮೀಸೆಯ ಬಿಳಿಯನ್ನು ಟವೆಲಿನಿಂದ ಒರೆಸಿಕೊಳ್ಳುತ್ತಾನೆ, ಒಳಗೆ ಹೋಗುತ್ತ ಹೇಳುತ್ತಾನೆ: “ಹೂಂ ಬೇ, ಈಗ ಬಿಡ್ತು. ಹಸಿವಿ ಆಗೇತಿ, ಉಣ್ಣಾಕ ನೀಡು.”