ಅಜ್ಜನ ಬನಿಯನ್

ಕದ್ದವಳು ನಾನು, ಹಂಪಮ್ಮಾ. ನಿನ್ನ ಕೂಸಿಗೆಂದು ಕೊಟ್ಟ ಅಜ್ಜನ ಬನಿಯನ್ನಿನಲ್ಲಿ ನನ್ನ ಕೂಸಿಗೆ ಅಂಗಿ ಹೊಲಿದವಳು ನಾನು. ಆಮೇಲೆ ತುಂಬಿದ ಮನೆಯಲ್ಲಿ ನಿನ್ನನ್ನೇ ಕಳ್ಳಿ ಮಾಡಿದವಳೂ ನಾನೇ. ಇಷ್ಟು ಹೇಳಲಿಕ್ಕೆ ಇಪ್ಪತ್ತೈದು ವರ್ಷ ಬೇಕಾಯಿತು — ಥೂ, ನನ್ನ ಬಾಳಿಗೆ!

ನಾನು ಆ ಮನೆಯ ದೊಡ್ಡ ಸೊಸೆ, ನೀನು ಸಣ್ಣವಳು. ಯುದ್ಧದ ಕಾಲ. ಕಂಪ್ಲಿಯ ಅಂಗಡಿಗಳಲ್ಲಿ ರೇಷನ್ ಚೀಟಿ ತೋರಿಸಿದರೂ ಗೇಣುದ್ದ ಬಟ್ಟೆ ಸಿಗುತ್ತಿರಲಿಲ್ಲ. ಗಂಡಸರ ಹಳೆಯ ಬನಿಯನ್ನುಗಳನ್ನು ಕತ್ತರಿಸಿ ಮನೆಯ ಮಕ್ಕಳಿಗೆಲ್ಲ ನಾನೇ ಹೊಲಿಯುತ್ತಿದ್ದೆ. ಬನಿಯನ್ ಬಟ್ಟೆ ಹೇಳಿದ ಮಾತು ಕೇಳುವುದಿಲ್ಲ. ಕತ್ತರಿ ತಾಗಿದ ಕೂಡಲೇ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಎಳೆಯದೆ, ಎರಡು ಮಡಿಕೆ ಹಾಕಿ ಹೊಲಿಯಬೇಕು. ನಿನಗೆ ಅದು ಬರುತ್ತಿರಲಿಲ್ಲ, ಅಕ್ಕ ಹೊಲಿದುಕೊಡುತ್ತಾಳೆ ಎಂದು ನೀನು ನನ್ನನ್ನು ನಂಬಿದೆ.

ಇಬ್ಬರೂ ಒಟ್ಟಿಗೆ ಬಸುರಾದೆವು. ಕೂಸಿಗೆ ಹಾಕುವ ಮೊದಲ ಅಂಗಿ ಮನೆಯ ಹಿರಿಯರು ತೊಟ್ಟು ಹಳೆಯದಾದ ಬಟ್ಟೆಯದೇ ಆಗಬೇಕು, ಅವರ ಆಯುಷ್ಯ ಕೂಸಿಗೆ ಬರುತ್ತದೆ ಎಂಬುದು ನಮ್ಮ ಪದ್ಧತಿ. ಎಂಬತ್ತು ದಾಟಿದ ಅಜ್ಜ, ನಮ್ಮ ಮಾವನ ಅಪ್ಪ, ಕೊಡಲಿಕ್ಕೆ ಇದ್ದದ್ದು ಒಂದೇ ಬನಿಯನ್. ಅದರ ಬೆನ್ನು ಹರಿದಿದ್ದ ಕಡೆ ಅಜ್ಜಿ ಬದುಕಿದ್ದಾಗ ಕೆಂಪು ದಾರದಲ್ಲಿ ಹೊಲಿದಿದ್ದಳು. ಇಬ್ಬರಿಗೂ ಹಂಚಿದರೆ ಆಯುಷ್ಯವೂ ಪಾಲಾಗುತ್ತದೆಂದು ಅತ್ತೆ ಒಪ್ಪಲಿಲ್ಲ.

"ಸಣ್ಣಾಕಿಗಿ ಇರ್ಲಿ ಅದು. ದೊಡ್ಡಾಕಿಗ್ಯಾಕ? ಎರಡು ಹಡದು ಎರಡೂ ಮಣ್ಣಿಗಿ ಹಾಕ್ಯಾಳ," ಎಂದಳು, ನನ್ನೆದುರೇ.

ಸಿಟ್ಟು ಬಂದದ್ದು ಅತ್ತೆಯ ಮೇಲೆ, ತೀರಿಸಿಕೊಂಡದ್ದು ನಿನ್ನ ಮೇಲೆ — ಅವಳ ಮುಂದೆ ಬಾಯಿ ತೆರೆಯುವ ಧೈರ್ಯ ಎಲ್ಲಿತ್ತು ನನಗೆ! ಅಜ್ಜನ ಬನಿಯನ್ ನನ್ನ ಕೂಸಿಗೆ ಕತ್ತರಿಸಿದೆ. ಕೆಂಪು ದಾರ ಕಾಣದಂತೆ ಅಂಚಿನ ಮಡಿಕೆಯೊಳಗೆ ಸೇರಿಸಿ ಹೊಲಿದೆ. ನಿನ್ನ ಕೂಸಿಗೆ ಕೊಟ್ಟದ್ದು ನನ್ನ ಗಂಡನ ಹಳೆಯ ಬನಿಯನ್ನಿನದು. ಬಟ್ಟೆಯಲ್ಲಿ ಆಯುಷ್ಯ ಇರುವುದಿಲ್ಲ ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆಗ ನಾನು ನಂಬಿದ್ದೆ. ಅಂದರೆ — ನಿನ್ನ ಕೂಸಿನ ಆಯುಷ್ಯವನ್ನೇ ಕದಿಯುತ್ತಿದ್ದೇನೆ ಎಂದು ತಿಳಿದೇ ಕದ್ದೆ.

ನಿನ್ನ ಮಗಳು ಎರಡು ತಿಂಗಳಿಗೆ ಜ್ವರದಲ್ಲಿ ಹೋದಳು. ಹೊಸಪೇಟೆಯ ಡಾಕ್ಟರ ಹತ್ತಿರ ಹೋಗೋಣ, ಗಾಡಿ ಕಟ್ಟಿ ಎಂದು ನೀನು ಎಲ್ಲರ ಕಾಲು ಹಿಡಿದೆ. ನಾಲ್ಕು ದಿನ ದೃಷ್ಟಿ ತೆಗೆಯುತ್ತ ಕುಳಿತ ಮನೆ ಅದು! ಮಣ್ಣು ಮಾಡಿ ಬಂದ ಮೇಲೆ ತಪ್ಪು ಹೊರಿಸಲು ಅವರಿಗೊಬ್ಬರು ಬೇಕಾಗಿತ್ತು. ಕಣ್ಣು ಮಂಜಾದ ಅಜ್ಜ ಕೂಸಿನ ಅಂಗಿ ತರಿಸಿ, ಎಲ್ಲ ಕಡೆ ಬೆರಳಾಡಿಸಿದ.

"ಇದು ನಂದಲ್ಲ. ನಿಮ್ಮಜ್ಜಿ ಹಾಕಿದ ಹೊಲಿಗಿ ಎಲ್ಲೈತಿ?"

"ನನಗೇನು ಗೊತ್ತ್ರೀ ಅಜ್ಜಾ, ಅಕ್ಕ ಹೊಲದು ಕೊಟ್ಟಾಳ," ಎಂದೆ ನೀನು.

ಎಲ್ಲರೂ ನನ್ನತ್ತ ತಿರುಗಿದರು. ನನ್ನ ತೊಡೆಯ ಮೇಲೆ ಮಗ, ಅವನ ಮೈಮೇಲೆ ಅಜ್ಜನ ಬನಿಯನ್ನಿನ ಅಂಗಿ. ಒಂದು ಮಾತು ಸಾಕಿತ್ತು. ಆದರೆ ನಾನು ಅಂದದ್ದು —

"ನಾ ಅಜ್ಜನ ಬನಿಯನ್ನಿಂದ ಹೊಲದು ಕೊಟ್ಟಿದ್ದೆ. ಆಮ್ಯಾಗ ಆಕಿ ಅದನ್ನ ತವರುಮನಿಗಿ, ಅಣ್ಣನ ಕೂಸಿಗಿ ಕಳಿಸ್ಯಾಳೋ ಏನೋ, ಯಾರಿಗೆ ಗೊತ್ತು?"

ಆ ನಾಲಿಗೆ ಅಲ್ಲೇ ಬಿದ್ದುಹೋಗಬಾರದಿತ್ತೇ?

ಮಗಳು ಸತ್ತ ಮೂರನೆಯ ದಿನ ನಿನ್ನನ್ನು ಮೆಟ್ರಿಗೆ, ನಿಮ್ಮಣ್ಣನ ಮನೆಗೆ ಅಟ್ಟಿದರು. ವರ್ಷ ತುಂಬುವುದರೊಳಗೆ ನಿನ್ನ ಗಂಡನಿಗೆ ಇನ್ನೊಂದು ಮದುವೆ. ಆ ಮದುವೆಯಲ್ಲಿ ಹೋಳಿಗೆ ಬಡಿಸಿದವಳು ನಾನು. ನಿನ್ನನ್ನು ಅಟ್ಟಿದ ದಿನ ಗಾಡಿ ಹತ್ತುವಾಗ ನೀನು ನನ್ನನ್ನು ನೋಡಿದೆ, ನಿನಗೆ ಎಲ್ಲ ಗೊತ್ತಾಗಿತ್ತು. ಯಾಕೆ ಕೂದಲು ಹಿಡಿದು ಎಳೆಯಲಿಲ್ಲ? ಯಾಕೆ ಶಾಪ ಹಾಕಲಿಲ್ಲ? ಅದಕ್ಕೆ ನಿನ್ನ ಮೇಲೂ ಸಿಟ್ಟಿದೆ ನನಗೆ — ನೋಡು, ಎಂಥವಳು ನಾನು, ಇನ್ನೂ ನಿನ್ನ ಮೇಲೆಯೇ!

ನಿನ್ನೆ ನನ್ನ ಸೊಸೆ, ತುಂಬಿದ ಬಸುರಿ, ಪೆಟ್ಟಿಗೆಯಿಂದ ಆ ಅಂಗಿ ತೆಗೆದಳು. "ಅತ್ತೀ, ಇದನ್ನ ನಮ್ಮ ಕೂಸಿಗಿ ಹಾಕೂನೇನ್ರೀ?" ಎಂದಳು. ಕಸಿದುಕೊಂಡೆ. ಅವಳು ಬೆದರಿ ಹಿಂದೆ ಸರಿದಳು. ಅಲ್ಲೇ ಕುಳಿತು ಮಡಿಕೆಯ ಹೊಲಿಗೆ ಬಿಚ್ಚಿದೆ. ಬಿಸಿಲು ಕಾಣದ ಕೆಂಪು ದಾರ, ಹೊಚ್ಚ ಹೊಸದರಂತೆ ಇತ್ತು.

ನಾಳೆ ಮೆಟ್ರಿಗೆ ಬರುತ್ತೇನೆ. ಕ್ಷಮೆ ಕೇಳಲು ಅಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಆ ಅಂಗಿ ನಿನ್ನ ಕೈಗೆ ಕೊಡಬೇಕು. ನೀನು ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ನಿಂತು ಕೇರಿಗೆಲ್ಲ ಕೇಳುವಂತೆ ಹೇಳುತ್ತೇನೆ, ಕಳ್ಳಿ ನೀನಲ್ಲ, ನಾನು ಎಂದು. ಮಗನನ್ನೂ ಕರೆದುಕೊಂಡು ಬರುತ್ತೇನೆ. ಯಾರ ಕೂಸಿನ ಅಂಗಿ ತೊಟ್ಟು ಬೆಳೆದೆ ಎಂಬುದು ಅವನಿಗೂ ಗೊತ್ತಾಗಲಿ.